ಒಂದೇ ಬೂತು, ಎರಡು ತೀರ್ಪು: ಮತದಾರ ಮನಸ್ಸು ಮಾಡುವುದು ಯಾವುದರ ಮೇಲೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನವನು, ದಾವಣಗೆರೆಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. 2023ರ ವಿಧಾನಸಭೆಗೆ ನಮ್ಮೂರು ಕಾಂಗ್ರೆಸ್‌ಗೆ ಹೆಚ್ಚು ಮತ ಹಾಕಿತು, ಮರುವರ್ಷ ಲೋಕಸಭೆಗೆ ಬಿಜೆಪಿಗೆ. ಹಿರಿಯರು ‘ಎಲ್ಲ ಜಾತಿ’ ಅನ್ನುತ್ತಾರೆ, ಗೆಳೆಯರು ‘ಎಲ್ಲ ದುಡ್ಡು’ ಅನ್ನುತ್ತಾರೆ, ಮನೆಯ ಹೆಂಗಸರು ಗ್ಯಾರಂಟಿ ಮಾತಾಡುತ್ತಾರೆ. ನಮ್ಮಂಥ, ಇನ್ನೂ ಬೆಳೆಯುತ್ತಿರುವ ಪ್ರಜಾಪ್ರಭುತ್ವಗಳಲ್ಲಿ ಮತ ನಿರ್ಧಾರವಾಗುವುದು ನಿಜಕ್ಕೂ ಯಾವುದರಿಂದ? ಪ್ರಬಂಧಕ್ಕಾಗಿ ಇದನ್ನು ನನ್ನ ತಾಲ್ಲೂಕಿನ ಮಟ್ಟದಲ್ಲೇ ಪರೀಕ್ಷಿಸಿ ನೋಡಲು ಆಗುತ್ತದೆಯೇ?

ಉತ್ತರ: ಮೂರು ಮಾತೂ ಅರ್ಧ ನಿಜ. ತಪ್ಪಿರುವುದು ‘ಎಲ್ಲ’ ಅನ್ನುವಲ್ಲಿ. ನಿಮ್ಮೂರಿನ ಜಾತಿ ಲೆಕ್ಕ 2023ರ ಮೇ ತಿಂಗಳಿಗೂ 2024ರ ಏಪ್ರಿಲ್‌ಗೂ ನಡುವೆ ಬದಲಾಗಿಲ್ಲ. ದುಡ್ಡು ಎರಡು ಸಲವೂ ಓಡಾಡುತ್ತದೆ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆಯಿಂದ. ಗ್ಯಾರಂಟಿ ಮೊದಲ ಚುನಾವಣೆಯಲ್ಲಿ ಬರೀ ಒಂದು ಕಾರ್ಡು, ಎರಡನೆಯ ಚುನಾವಣೆಯ ಹೊತ್ತಿಗೆ ಖಾತೆಗೆ ಬೀಳುತ್ತಿದ್ದ ಹಣ. ಆದರೂ ಮತ ಹೋದದ್ದು ಆಚೆ ಕಡೆಗೆ. ಬದಲಾಗದೆ ಉಳಿದದ್ದನ್ನು ಹಿಡಿದುಕೊಂಡು ಬದಲಾವಣೆಯನ್ನು ವಿವರಿಸಲು ಬರುವುದಿಲ್ಲ. ಈ ಹನ್ನೊಂದು ತಿಂಗಳಲ್ಲಿ ಕಣ್ಣಿಗೆ ಕಾಣುವಂತೆ ಬದಲಾದದ್ದು ಒಂದೇ: ಮತ ಹಾಕುತ್ತಿದ್ದ ಕುರ್ಚಿ. ನನ್ನ ಉತ್ತರದ ತಿರುಳೂ ಅಲ್ಲೇ ಇದೆ. ಈ ಕುರ್ಚಿಯಲ್ಲಿ ಕೂತವರು ನಮಗೆ ಏನು ಕೊಡಬಲ್ಲರು, ಏನನ್ನು ತಡೆಹಿಡಿಯಬಲ್ಲರು ಎಂದು ಮತದಾರರು ಮೊದಲು ಅಳೆಯುತ್ತಾರೆ. ಜಾತಿ, ದುಡ್ಡು, ಯೋಜನೆ ಮೂರಕ್ಕೂ ಬೆಲೆ ಬರುವುದು ಆ ಅಳತೆಯ ಒಳಗೆ.

ಮೊದಲು ಕ್ಷೇತ್ರಗಳನ್ನೇ ನೋಡಿ. ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಜಿಲ್ಲೆಯ ಆರು, ಜೊತೆಗೆ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ. 2023ರಲ್ಲಿ ಹೊಳಲ್ಕೆರೆ ಒಂದನ್ನು ಬಿಟ್ಟು ಏಳೂ ಕಾಂಗ್ರೆಸ್ ಪಾಲಾದವು. ಮರುವರ್ಷ ಅದೇ ಎಂಟು ಕ್ಷೇತ್ರಗಳ ಜನ ಬಿಜೆಪಿಯ ಗೋವಿಂದ ಕಾರಜೋಳರನ್ನು ಸುಮಾರು 48 ಸಾವಿರ ಮತಗಳ ಅಂತರದಿಂದ ಗೆಲ್ಲಿಸಿದರು. ಅವರು ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಬಂದವರು. ‘ಹೊರಗಿನವರು’ ಎಂಬ ಮಾತು ಅವರನ್ನು ತಡೆಯಲಿಲ್ಲ. ಪಕ್ಕದ ದಾವಣಗೆರೆಯಲ್ಲಿ ಎಂಟರಲ್ಲಿ ಆರು ಕ್ಷೇತ್ರ ಕಾಂಗ್ರೆಸ್ಸಿನವು, ಹರಿಹರ ಬಿಜೆಪಿಯದು, ಹರಪನಹಳ್ಳಿ ಪಕ್ಷೇತರರದು. ಅಲ್ಲಿ 2024ರಲ್ಲೂ ಕಾಂಗ್ರೆಸ್ಸೇ ಗೆದ್ದಿತು, ಅಂತರ ಸುಮಾರು 26 ಸಾವಿರ. ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳೂ ವೀರಶೈವ ಲಿಂಗಾಯತ ಕುಟುಂಬದವರು. ಒಬ್ಬರು ಜಿಲ್ಲೆಯ ಆಗಿನ ಮಂತ್ರಿಯ ಪತ್ನಿ, ಇನ್ನೊಬ್ಬರು ಆಗಿನ ಸಂಸದರ ಪತ್ನಿ. ಅಂದರೆ ಒಂದು ಕಡೆ, ಚಿತ್ರದುರ್ಗದಲ್ಲಿ, ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ, ಬಹುಪಾಲು ಮತದಾರರಿಗೆ ಸ್ವಜಾತಿಯ ಅಭ್ಯರ್ಥಿ ಸಿಗುವ ಹಾಗೇ ಇಲ್ಲ. ಇನ್ನೊಂದು ಕಡೆ ಪ್ರಬಲ ಸಮುದಾಯದ ಮುಂದೆ ಇಬ್ಬರೂ ತಮ್ಮವರೇ. ಎರಡರಲ್ಲಿ ಯಾವ ಫಲಿತಾಂಶವನ್ನೂ ಬರೀ ಜಾತಿಯಿಂದ ಹೇಳಿ ಮುಗಿಸಲಾಗದು.

ಇದು ಹೊಸ ಚಾಳಿಯೇನೂ ಅಲ್ಲ. 1984ರ ಡಿಸೆಂಬರ್‌ನಲ್ಲಿ ಕರ್ನಾಟಕ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್‌ಗೆ ಕೊಟ್ಟಿತು; ಮೂರೇ ತಿಂಗಳಿಗೆ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನ ಕೊಟ್ಟಿತು. ಜನಕ್ಕೆ ಎರಡು ಮನಸ್ಸು ಎಂದು ಆಗ ಆಡಿಕೊಂಡವರಿದ್ದರು. ನನ್ನ ಮಟ್ಟಿಗೆ ಅದು ಎರಡು ಬೇರೆ ಪ್ರಶ್ನೆಗೆ ಕೊಟ್ಟ ಎರಡು ಉತ್ತರ.

ಶಾಸಕರ ಕುರ್ಚಿಗೆ ಮನೆಬಾಗಿಲ ತನಕ ಕೈ ಚಾಚುವ ಶಕ್ತಿ ಇದೆ. ಗಂಗಾ ಕಲ್ಯಾಣದ ಕೊಳವೆಬಾವಿ ಯಾರ ಹೊಲಕ್ಕೆ ಎಂದು ಆರಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಚಳ್ಳಕೆರೆ ಸೀಮೆಯಲ್ಲಿ ಮಳೆ ನಂಬಿ ಶೇಂಗಾ ಹಾಕಿದವನಿಗೆ ಒಂದು ಬೋರ್‌ವೆಲ್ ಅಂದರೆ ಏನು ಎಂದು ನಿಮಗೆ ಹೇಳಬೇಕಿಲ್ಲ. ಅದು ಎಲ್ಲರಿಗೂ ಸಿಗುವುದಿಲ್ಲ, ಸಿಗುವವರ ಹೆಸರು ಪಟ್ಟಿಯಲ್ಲಿ ಇರಬೇಕು, ಪಟ್ಟಿಗೆ ಹೆಸರು ಸೇರಿಸುವವರಿಗೆ ನಾವು ಗೊತ್ತಿರಬೇಕು. ಇಂಥ ಕಡೆ ಮತ ವ್ಯಕ್ತಿಗೆ ಬೀಳುತ್ತದೆ. ಆ ವ್ಯಕ್ತಿಯ ತನಕ ನಮ್ಮನ್ನು ಮುಟ್ಟಿಸುವ ನೆಂಟಸ್ತಿಕೆ, ಜಾತಿ, ಊರ ಮುಖಂಡ ಎಲ್ಲಕ್ಕೂ ಬೆಲೆ ಬರುತ್ತದೆ. ಸಂಸದರ ಕುರ್ಚಿಗೆ ಆ ಶಕ್ತಿ ಇಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ, ಎಂಟು ಕ್ಷೇತ್ರಕ್ಕೆ ಹಂಚಿದರೆ ತಲಾ ಸುಮಾರು 62 ಲಕ್ಷ. ಶಾಸಕರಿಗೆ ತಮ್ಮ ಒಂದೇ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ. ಸಂಸದರಿಂದ ವೈಯಕ್ತಿಕವಾಗಿ ಸಿಗುವುದು ಕಡಿಮೆ ಎಂದಾಗ ಆ ಮತ ದಿಲ್ಲಿಯ ನಾಯಕತ್ವ, ಪಕ್ಷ, ವಿಚಾರ ಇವುಗಳ ಕಡೆ ಹೊರಳಲು ಸಡಿಲ ಸಿಗುತ್ತದೆ. ಗ್ಯಾರಂಟಿಯ ವಿಷಯವೂ ಹಾಗೇ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ₹2,000 ನೇರ ಖಾತೆಗೆ ಬರುತ್ತದೆ, ನಡುವೆ ಯಾರೂ ಕೈ ಅಡ್ಡ ಇಡುವಂತಿಲ್ಲ. ಸಂಸದರು ಯಾರಾದರೂ ಅದು ನಿಲ್ಲುವುದಿಲ್ಲ ಎಂಬುದು ಹೆಂಗಸರಿಗೂ ಗೊತ್ತು. ಅದನ್ನು ಉಳಿಸಿಕೊಳ್ಳಲು ಲೋಕಸಭೆಯ ಮತವನ್ನು ಖರ್ಚು ಮಾಡುವ ಅಗತ್ಯ ಅವರಿಗೆ ಕಾಣಲಿಲ್ಲ ಎನ್ನುವುದು ನನ್ನ ಅಂದಾಜು. ಇದನ್ನು ನೀವು ಪರೀಕ್ಷೆಗೆ ಒಡ್ಡಬಹುದು, ಒಡ್ಡಬೇಕು ಕೂಡ.

ಹೊರದೇಶದ ಒಂದು ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ 2001ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಲಿಯೊನಾರ್ಡ್ ವಾಂಚೆಕಾನ್ ಎಂಬ ವಿದ್ವಾಂಸರು ಪಕ್ಷಗಳನ್ನೇ ಒಪ್ಪಿಸಿ, ಚೀಟಿ ಎತ್ತಿದಂತೆ ಆರಿಸಿದ ಕೆಲವು ಹಳ್ಳಿಗಳಲ್ಲಿ ‘ನಿಮ್ಮ ಊರಿಗೆ, ನಿಮ್ಮ ಜನಕ್ಕೆ ಇದನ್ನು ಮಾಡಿಕೊಡುತ್ತೇವೆ’ ಎಂದೂ, ಇನ್ನು ಕೆಲವು ಹಳ್ಳಿಗಳಲ್ಲಿ ‘ದೇಶಕ್ಕೆ ಇಂಥ ನೀತಿ ತರುತ್ತೇವೆ’ ಎಂದೂ ಪ್ರಚಾರ ಮಾಡಿಸಿದರು. ಒಟ್ಟಾರೆ ಮೊದಲನೆಯದೇ ಹೆಚ್ಚು ಕೆಲಸ ಮಾಡಿತು. ಆದರೆ ನೀತಿಯ ಮಾತಿಗೆ ಗಂಡಸರಿಗಿಂತ ಹೆಂಗಸರು ಹೆಚ್ಚು ಒಲಿದರು. ಊರಿನ ನೆರವು ಹಂಚುವ ಜಾಲದಲ್ಲಿ ಹೆಂಗಸರಿಗೆ ಪಾಲು ಕಡಿಮೆ ಎಂದಾದರೆ, ಎಲ್ಲರಿಗೂ ಸಮನಾಗಿ ಬರುವುದನ್ನು ಅವರು ಮೆಚ್ಚುವುದರಲ್ಲಿ ಆಶ್ಚರ್ಯ ಏನಿದೆ?

ಜಾತಿಗೆ ಬರೋಣ. ಜಾತಿ ಒಂದು ಸ್ಥಿರವಾದ ಮತದ ಮೂಟೆ ಎಂದು ತಿಳಿದವರು ಮಲಾವಿ–ಜಾಂಬಿಯಾ ಗಡಿಯನ್ನು ನೋಡಬೇಕು. ಚೆವಾ ಮತ್ತು ತುಂಬುಕಾ ಎಂಬ ಎರಡು ಸಮುದಾಯಗಳು ಆ ಗಡಿಯ ಎರಡೂ ಬದಿಗೆ ಇವೆ. ಭಾಷೆ, ಆಚಾರ ಎರಡೂ ಕಡೆ ಅವೇ. ಮಲಾವಿಯಲ್ಲಿ ಅವರು ರಾಜಕೀಯ ಎದುರಾಳಿಗಳು, ಜಾಂಬಿಯಾದಲ್ಲಿ ಒಂದೇ ಬಣ. ರಾಜ್ಯಶಾಸ್ತ್ರಜ್ಞ ಡೇನಿಯಲ್ ಪೋಸ್ನರ್ ಇದಕ್ಕೆ ಕೊಟ್ಟ ಕಾರಣ ಸರಳ: ಮಲಾವಿಯಲ್ಲಿ ಎರಡೂ ಗುಂಪು ತಮ್ಮ ಬಲದ ಮೇಲೆ ಅಧಿಕಾರಕ್ಕೆ ಸೆಣಸುವಷ್ಟು ದೊಡ್ಡವು, ಜಾಂಬಿಯಾದಲ್ಲಿ ಒಂಟಿಯಾಗಿ ಲೆಕ್ಕಕ್ಕೇ ಬಾರದಷ್ಟು ಸಣ್ಣವು. ಇದನ್ನು ನಮ್ಮ 2008ರ ಕ್ಷೇತ್ರ ಮರುವಿಂಗಡಣೆಯ ಪಕ್ಕ ಇಟ್ಟು ನೋಡಿ. ಭರಮಸಾಗರ ಕ್ಷೇತ್ರ ಮಾಯವಾಯಿತು, ದಾವಣಗೆರೆ ಉತ್ತರ–ದಕ್ಷಿಣ ಎಂದು ಇಬ್ಭಾಗವಾಯಿತು, ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಪರಿಶಿಷ್ಟ ಪಂಗಡಕ್ಕೂ ಹೊಳಲ್ಕೆರೆ, ಮಾಯಕೊಂಡ ಪರಿಶಿಷ್ಟ ಜಾತಿಗೂ ಮೀಸಲಾದವು, ಚಿತ್ರದುರ್ಗ ಲೋಕಸಭೆಯೂ ಪರಿಶಿಷ್ಟ ಜಾತಿಯ ಮೀಸಲಾಯಿತು. ಜನ ಅದೇ ಜನ. ಗೆರೆ ಎಳೆದ ಕಡೆ ಬದಲಾದ ಕೂಡಲೇ ಯಾರು ಯಾರೊಂದಿಗೆ ಸೇರಿದರೆ ಗೆಲುವು ಎಂಬ ಲೆಕ್ಕವೂ ಬದಲಾಯಿತು. ಹಾಗಾಗಿ ‘ನಾಯಕ ಸಮುದಾಯದವರು ಹೇಗೆ ಹಾಕಿದರು, ಲಿಂಗಾಯತರು ಹೇಗೆ ಹಾಕಿದರು’ ಎಂಬ ಪ್ರಶ್ನೆಗೆ ಮುಂಚೆ ‘ಯಾವ ಕ್ಷೇತ್ರದಲ್ಲಿ’ ಎಂದು ಕೇಳಬೇಕು.

ಮಠಗಳ ಮಾತು ಬಿಟ್ಟರೆ ಈ ಎರಡು ಜಿಲ್ಲೆಗಳ ಬಗ್ಗೆ ಬರೆದಂತೆಯೇ ಅಲ್ಲ. ಸಿರಿಗೆರೆ, ಮುರುಘಾಮಠ, ರಾಜನಹಳ್ಳಿಯ ವಾಲ್ಮೀಕಿ ಪೀಠ, ಹರಿಹರದ ಪಂಚಮಸಾಲಿ ಪೀಠ, ಚಿತ್ರದುರ್ಗದ ಮಾದಾರ ಚನ್ನಯ್ಯ ಮತ್ತು ಭೋವಿ ಪೀಠಗಳು ಎಲ್ಲ ಒಂದು ದಿನದ ಓಡಾಟದೊಳಗೆ ಸಿಗುತ್ತವೆ. ಟಿಕೆಟ್ ಹಂಚಿಕೆಯ ಮೇಲೆ, ಮಂತ್ರಿಗಿರಿಯ ಮೇಲೆ ಪೀಠಗಳ ಮಾತು ನಡೆಯುವುದನ್ನು ಪತ್ರಿಕೆ ಓದುವ ಯಾರೂ ಬಲ್ಲರು. ಮತದ ಮೇಲೆ ಅಷ್ಟೇ ನಡೆಯುತ್ತದೆ ಎಂದು ಹೇಳಲು ಆಧಾರ ಬೇಕು. ಮುಖಂಡರು ಸಮುದಾಯದ ಮತವನ್ನು ಎತ್ತಿ ಕೊಡಬಲ್ಲರು ಎಂಬ ನಂಬಿಕೆ ಕೀನ್ಯಾದಲ್ಲಿ 2022ರಲ್ಲಿ ಕೆಟ್ಟದಾಗಿ ಮುರಿಯಿತು: ಹಾಲಿ ಅಧ್ಯಕ್ಷ ಉಹುರು ಕೆನ್ಯಾಟ್ಟಾ ರೈಲಾ ಒಡಿಂಗಾರನ್ನು ಬೆಂಬಲಿಸಿ ಎಂದು ಕೇಳಿಕೊಂಡರೂ ಅವರದೇ ಕಿಕುಯು ಸೀಮೆ ಹೆಚ್ಚಾಗಿ ವಿಲಿಯಂ ರೂಟೊ ಕಡೆ ಹೋಯಿತು.

ಇನ್ನು ದುಡ್ಡು. ಕಾಗದದ ಮೇಲೆ ವಿಧಾನಸಭಾ ಅಭ್ಯರ್ಥಿಯ ವೆಚ್ಚಮಿತಿ ₹40 ಲಕ್ಷ, ಲೋಕಸಭೆಗೆ ₹95 ಲಕ್ಷ. ಕಾಗದದ ಆಚೆಗಿನದು ನಿಮಗೂ ಗೊತ್ತು. ಆದರೆ ಹಂಚಿದವರ ಮುಂದಿರುವ ತೊಡಕನ್ನು ಯೋಚಿಸಿ: ತೆಗೆದುಕೊಂಡವರು ಹಾಕಿದರೋ ಇಲ್ಲವೋ ಎಂದು ನೋಡಲು ಬರುವುದಿಲ್ಲ. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು, ಕತ್ತರಿಸಿಕೊಂಡು ಪೆಟ್ಟಿಗೆಗೆ ಬೀಳುತ್ತದೆ, ಕೈಗೆ ಬರುವುದಿಲ್ಲ. ಮತಗಟ್ಟೆಯೊಳಗೆ ಮೊಬೈಲ್ ಬಿಡುವುದಿಲ್ಲ. ಕೆಲವು ಕಡೆ ದೇವರ ಮುಂದೆ ಆಣೆ ಹಾಕಿಸುವುದು ಇದೇ ಕಾರಣಕ್ಕೆ. ಕಣ್ಣಿಗೆ ಕಾಣುವಂತಿದ್ದರೆ ಆಣೆಯ ಅಗತ್ಯ ಎಲ್ಲಿತ್ತು? ಮುಂಬೈಯಲ್ಲಿ ಸೈಮನ್ ಶೊಶಾರ್ ನಡೆಸಿದ ಅಧ್ಯಯನವೂ ಇದನ್ನೇ ತೋರಿಸಿತು: ಹಂಚಿಕೆ ನಡುವೆ ಸೋರುತ್ತದೆ, ಗುರಿ ತಪ್ಪುತ್ತದೆ, ಆದರೂ ಎದುರಾಳಿ ಕೊಡುತ್ತಾನೆಂಬ ಭಯಕ್ಕೆ ಎಲ್ಲರೂ ಕೊಡುತ್ತಾರೆ. ಎಲ್ಲರೂ ಕೊಟ್ಟಾಗ ದುಡ್ಡು ಗೆಲುವನ್ನು ತೀರ್ಮಾನಿಸುವುದು ನಿಲ್ಲುತ್ತದೆ, ಕಣದಲ್ಲಿ ನಿಲ್ಲಲು ಕಟ್ಟುವ ಪ್ರವೇಶ ಶುಲ್ಕವಾಗುತ್ತದೆ. ಕೊಡಲಾಗದವರು ಮೊದಲೇ ಹೊರಗೆ. ದುಡ್ಡಿನ ನಿಜವಾದ ಕೇಡು ಅಲ್ಲಿದೆ. ಜೊತೆಗೆ, ಒಂದು ಪಾಲು ಹಣ ಮನಸ್ಸು ತಿರುಗಿಸಲು ಹೋಗುವುದೇ ಇಲ್ಲ, ಮೊದಲೇ ನಮ್ಮ ಕಡೆ ಇರುವವರನ್ನು ಬೂತಿಗೆ ತರಲು ಹೋಗುತ್ತದೆ. ಜಗಳೂರು, ಮೊಳಕಾಲ್ಮುರು, ಪಾವಗಡದ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರಿಗೆ ಮಾಡಿಸುವ ಬಸ್ಸು ಈ ಲೆಕ್ಕದ್ದು.

‘ದುಡ್ಡು ತಗೋಬೇಡಿ’ ಎಂಬ ಜಾಗೃತಿಯಿಂದ ಏನಾಗುತ್ತದೆ ಎಂದು ಸಾವೋ ತೊಮೆ ಎಂಬ ಪುಟ್ಟ ದ್ವೀಪದೇಶದಲ್ಲಿ 2006ರಲ್ಲಿ ಪರೀಕ್ಷಿಸಿದರು. ದುಡ್ಡಿನ ಪ್ರಭಾವ ತಗ್ಗಿತು, ನಿಜ. ಆದರೆ ಅದರ ಲಾಭ ಹೋದದ್ದು ಹಾಲಿ ಅಧಿಕಾರದಲ್ಲಿದ್ದವರಿಗೆ. ಅವರ ಕೈಯಲ್ಲಿ ಸರ್ಕಾರದ ಕೆಲಸಗಳಿದ್ದವು, ಎದುರಾಳಿಯ ಕೈಯಲ್ಲಿ ಇದ್ದದ್ದು ನೋಟು ಮಾತ್ರ. ಜಾಗೃತಿ ಬೇಡ ಎಂದಲ್ಲ. ಅದು ಯಾರ ಕಡೆಗೂ ವಾಲದ ಮದ್ದು ಅಂದುಕೊಳ್ಳಬಾರದು.

ಒಬ್ಬರ ಮತ ಗುಟ್ಟಾಗಿರುತ್ತದೆ, ಒಂದು ಬೂತಿನ ಮತ ಗುಟ್ಟಾಗಿರುವುದಿಲ್ಲ. ಇದು ಬಹಳ ಮಂದಿ ಗಮನಿಸದ ಸಂಗತಿ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶ ನಿಯಮದಲ್ಲಿತ್ತು. ಇವಿಎಂ ಬಂದ ಮೇಲೆ ಎಣಿಕೆ ಯಂತ್ರವಾರು, ಅಂದರೆ ಬೂತ್‌ವಾರು. ಹಲವು ಯಂತ್ರಗಳ ಮೊತ್ತವನ್ನು ಒಟ್ಟಿಗೆ ತೆಗೆಯುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು, ಜಾರಿಗೆ ಬಂದಿಲ್ಲ. ಹಾಗಾಗಿ ಒಂದೇ ಸಮುದಾಯದ ಹಟ್ಟಿಗೋ ತಾಂಡಾಕ್ಕೋ ಒಂದು ಬೂತ್ ಇದ್ದರೆ, ಅದು ಯಾರಿಗೆ ಹಾಕಿತೆಂದು ಎಣಿಕೆಯ ದಿನ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಊರ ಮುಖಂಡ ವ್ಯವಹಾರ ಕುದುರಿಸುವುದು ಇದೇ ಅಂಕಿಯ ಮೇಲೆ, ಆಮೇಲೆ ‘ನಿಮ್ಮ ಬೂತಲ್ಲಿ ಲೀಡ್ ಕೊಟ್ಟಿಲ್ಲ’ ಎಂದು ಸಿಮೆಂಟ್ ರಸ್ತೆ ತಪ್ಪುವುದೂ ಇದರ ಮೇಲೆಯೇ.

ಮಳೆ–ನೀರಿನ ವಿಷಯ ಚುಟುಕಾಗಿ ಹೇಳುತ್ತೇನೆ. ಭಾರತದ ವಿಧಾನಸಭಾ ಚುನಾವಣೆಗಳ ಮೇಲೆ ಕೋಲ್, ಹೀಲಿ, ವರ್ಕರ್ ಎಂಬ ಮೂವರು ಮಾಡಿದ ಅಧ್ಯಯನದಲ್ಲಿ, ಮಳೆ ಕೈಕೊಟ್ಟರೆ ಆಳುವ ಪಕ್ಷ ಮತ ಕಳೆದುಕೊಳ್ಳುತ್ತದೆ, ಪರಿಹಾರ ಚುರುಕಾಗಿ ಕೊಟ್ಟರೆ ಆ ನಷ್ಟದ ಒಂದು ಪಾಲು ಮಾತ್ರ ತುಂಬುತ್ತದೆ ಎಂದು ಕಂಡಿತು. ನಮ್ಮಲ್ಲಿ ಆಳುವವರು ಯಾರು ಎಂಬುದೇ ಜಗಳ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ ₹5,300 ಕೋಟಿ ಘೋಷಣೆಯಾಯಿತು. 2024ರ ಏಪ್ರಿಲ್ 26ರಂದು ಚಿತ್ರದುರ್ಗ ಮತ ಹಾಕುವಾಗ ಆ ಹಣ ಬಂದಿರಲಿಲ್ಲ. ಕೇಂದ್ರದವರು ರಾಜ್ಯದವರ ಮೇಲೆ, ರಾಜ್ಯದವರು ಕೇಂದ್ರದವರ ಮೇಲೆ ಹೊಣೆ ಹಾಕಿದರು. ಹೊಣೆ ಯಾರದೆಂದು ಮಸುಕಾದರೆ ಶಿಕ್ಷೆಯೂ ಮಸುಕಾಗುತ್ತದೆ. ಒಳ್ಳೆಯದರ ಕೀರ್ತಿಯೂ ಅಷ್ಟೇ: ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಿತು, ಮರುವರ್ಷವೇ ಹಿರಿಯೂರಿನಲ್ಲಿ ಆಗ ಆಳುತ್ತಿದ್ದ ಬಿಜೆಪಿ ಸೋತಿತು.

ಮಾಹಿತಿ ಕೊಟ್ಟರೆ ಮತ ಬದಲಾಗುತ್ತದೆಯೇ? ಬ್ರೆಜಿಲ್‌ನಲ್ಲಿ 2003ರಿಂದ ಲಾಟರಿ ಎತ್ತಿ ಆರಿಸಿದ ಪುರಸಭೆಗಳ ಲೆಕ್ಕ ತಪಾಸಣೆ ಮಾಡಿ, ವರದಿಯನ್ನು ಬಯಲಿಗಿಟ್ಟರು. 2004ರಲ್ಲಿ ಹೆಚ್ಚು ಅಕ್ರಮ ಸಿಕ್ಕಿದ ಮೇಯರ್‌ಗಳು ಹೆಚ್ಚು ಪೆಟ್ಟು ತಿಂದರು, ಅದರಲ್ಲೂ ಸ್ಥಳೀಯ ರೇಡಿಯೊ ಇದ್ದ ಕಡೆ. ಆದರೆ ಬೆನಿನ್, ಬುರ್ಕಿನಾ ಫಾಸೊ, ಉಗಾಂಡ, ಮೆಕ್ಸಿಕೊ, ಬ್ರೆಜಿಲ್‌ಗಳಲ್ಲಿ ಒಂದೇ ಮಾದರಿಯಲ್ಲಿ ನಡೆಸಿ 2019ರಲ್ಲಿ ಒಟ್ಟಾಗಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮನೆಮನೆಗೆ ಕರಪತ್ರದಂಥ ಮಾಹಿತಿ ಕೊಟ್ಟದ್ದರಿಂದ ಸರಾಸರಿಯಾಗಿ ಏನೂ ಬದಲಾಗಲಿಲ್ಲ. ಎಲ್ಲರೂ ಒಟ್ಟಿಗೆ ಕೇಳಿದ ಸುದ್ದಿಗೂ ಒಬ್ಬೊಬ್ಬರ ಕೈಗೆ ಗುಟ್ಟಾಗಿ ಬಂದ ಚೀಟಿಗೂ ಇರುವ ಅಂತರ ಇದು ಎಂದು ನನಗೆ ತೋರುತ್ತದೆ.

ಈಗ ನಿಮ್ಮ ಪ್ರಬಂಧದ ಕೆಲಸ. ಮುಖಂಡರು ಬಳಸುವ ಅದೇ ಕಾಗದ ನಿಮಗೂ ಸಿಗುತ್ತದೆ: ಫಾರಂ 20, ಅಂದರೆ ಮತಗಟ್ಟೆವಾರು ಫಲಿತಾಂಶದ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ 2023ರ 98ನೇ ಚಳ್ಳಕೆರೆ ಕ್ಷೇತ್ರದ್ದನ್ನೂ, 2024ರ ಚಿತ್ರದುರ್ಗ ಲೋಕಸಭೆಯಲ್ಲಿ ಅದೇ ಚಳ್ಳಕೆರೆ ಭಾಗದ್ದನ್ನೂ ಇಳಿಸಿಕೊಳ್ಳಿ. ಪ್ರತಿ ಮತಗಟ್ಟೆಗೆ ಒಂದು ಸಾಲು, ಪ್ರತಿ ಅಭ್ಯರ್ಥಿಗೆ ಒಂದು ಕಂಬ (ಕಾಲಂ). ಸ್ಕ್ಯಾನ್ ಮಾಡಿದ ಪ್ರತಿಯಾಗಿದ್ದರೆ ಎಕ್ಸೆಲ್‌ಗೆ ಕೈಯಾರೆ ತುಂಬಬೇಕು. ತುಂಬಿದ ಮೇಲೆ ಪ್ರತಿ ಸಾಲಿನ ಮೊತ್ತ ಮೂಲದ ಮೊತ್ತಕ್ಕೆ ತಾಳೆಯಾಗುವುದೋ ನೋಡಿ. ಮೊದಲ ಎಡವಟ್ಟು ಇಲ್ಲೇ ಆಗುತ್ತದೆ: ಕಂಬಗಳ ಕ್ರಮ ಮತಯಂತ್ರದ ಕ್ರಮ, ಮಾನ್ಯತೆ ಪಡೆದ ಪಕ್ಷದವರು ಮೊದಲು, ಅವರೊಳಗೆ ಹೆಸರಿನ ಅಕ್ಷರಾನುಕ್ರಮ. 2023ರಲ್ಲಿ ಎರಡನೇ ಕಂಬ ಕಾಂಗ್ರೆಸ್ಸಿನದಾಗಿದ್ದರೆ 2024ರಲ್ಲೂ ಎರಡನೆಯದೇ ಎಂದು ನಕಲು ಮಾಡಿದರೆ ಇಡೀ ಪ್ರಬಂಧ ತಲೆಕೆಳಗು.

ಮತಗಟ್ಟೆಗಳನ್ನು ಸಂಖ್ಯೆಯಿಂದ ಜೋಡಿಸಬೇಡಿ. ಚುನಾವಣೆಯಿಂದ ಚುನಾವಣೆಗೆ ಬೂತ್ ಒಡೆಯುತ್ತವೆ, ಕೂಡುತ್ತವೆ, ಸಂಖ್ಯೆ ಸರಿಯುತ್ತದೆ. ಶಾಲೆಯ ಹೆಸರು ನೋಡಿ, ಒಂದು ಹಳ್ಳಿಯ ಎಲ್ಲ ಬೂತನ್ನು ಕೂಡಿಸಿ, ಹಳ್ಳಿ–ಹಳ್ಳಿ ಹೋಲಿಸಿ. ಅಂಚೆ ಮತ ಬೂತಿಗೆ ಸೇರುವುದಿಲ್ಲ, ಬದಿಗಿಡಿ. ಶೇಕಡಾವಾರು ಮಾತ್ರ ನೋಡಿದರೂ ಮೋಸ. ಒಂದು ಪಕ್ಷ 900ರಲ್ಲಿ 500 ಪಡೆದದ್ದು 750ರಲ್ಲಿ 400ಕ್ಕೆ ಇಳಿದರೆ ಪಾಲು 55.6ರಿಂದ 53.3ಕ್ಕೆ ಜಾರಿದಂತೆ ಕಾಣುತ್ತದೆ, ಹೋದದ್ದು ನೂರು ಮತ. ಆ ನೂರು ಜನ ಪಕ್ಷ ಬದಲಿಸಿದರೋ ಮನೆಯಲ್ಲಿ ಉಳಿದರೋ ತಿಳಿಯಲು ಬೂತಿನ ಒಟ್ಟು ಮತದಾರರ ಸಂಖ್ಯೆ ಬೇಕು. ಅದು ಫಾರಂ 20ರಲ್ಲಿ ಬೂತ್‌ವಾರು ಇರುವುದಿಲ್ಲ, ಮತದಾರರ ಪಟ್ಟಿಯಿಂದ ತೆಗೆದುಕೊಳ್ಳಬೇಕು.

ಜಾತಿಯನ್ನು ಸೇರಿಸುವಾಗ ಕೈ ಬಿಗಿ ಇರಲಿ. 2011ರ ಜನಗಣತಿಯಲ್ಲಿ ಹಳ್ಳಿವಾರು ಸಿಗುವುದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸಂಖ್ಯೆ ಮಾತ್ರ. ಇನ್ನು, 900 ಮತದ ಬೂತಿನಲ್ಲಿ ಒಂದು ಸಮುದಾಯದ ಮತ 540, ಒಂದು ಪಕ್ಷಕ್ಕೆ ಬಿದ್ದದ್ದೂ 540 ಎಂದಿಟ್ಟುಕೊಳ್ಳಿ. ‘ಅವರೆಲ್ಲ ಇವರಿಗೇ ಹಾಕಿದರು’ ಎನ್ನಲು ನಾಲಿಗೆ ತುದಿಗೆ ಬರುತ್ತದೆ. ಉಳಿದ 360 ಜನ ಪೂರ್ತಿ ಆ ಪಕ್ಷಕ್ಕೇ ಹಾಕಿದ್ದರೆ, ಈ ಸಮುದಾಯದಿಂದ ಹೋದದ್ದು ಬರೀ 180. ಅಂದರೆ ಸತ್ಯ ಶೇಕಡಾ 33ರಿಂದ 100ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದೇ ಬೂತಿನಲ್ಲಿ ಸಮುದಾಯದ ಮತ 810, ಪಕ್ಷದ್ದೂ 810 ಆಗಿದ್ದರೆ ಆ ಅಂತರ 89ರಿಂದ 100ಕ್ಕೆ ಕುಗ್ಗುತ್ತದೆ. ಹಾಗಾಗಿ ಹೆಚ್ಚುಕಡಿಮೆ ಒಂದೇ ಸಮುದಾಯ ಇರುವ ಬೂತುಗಳಿಂದ ಶುರು ಮಾಡಿ, ಆದರೆ ಹಟ್ಟಿಯಲ್ಲಿರುವವರು ಹಾಕಿದಂತೆ ಊರೊಳಗೆ ಬೆರೆತಿರುವವರೂ ಹಾಕುತ್ತಾರೆ ಎಂದು ಬರೆಯಬೇಡಿ. ಕುರ್ಚಿಯ ಬಗೆಗಿನ ನನ್ನ ವಾದ ಸರಿಯಿದ್ದರೆ, ಶಾಸಕರ ಸಮಿತಿಯಿಂದ ಕೊಳವೆಬಾವಿ, ಮನೆ ಹೆಚ್ಚು ಬಂದ ಹಳ್ಳಿಗಳಲ್ಲಿ 2023 ಮತ್ತು 2024ರ ನಡುವೆ ಮತ ಪಕ್ಷದಿಂದ ಪಕ್ಷಕ್ಕೆ ಜಿಗಿದ ಜಿಗಿತ ದೊಡ್ಡದಿರಬೇಕು. ಫಲಾನುಭವಿಗಳ ಹಳ್ಳಿವಾರು ಸಂಖ್ಯೆಯನ್ನು ಮಾಹಿತಿ ಹಕ್ಕಿನಲ್ಲಿ ಸಂಬಂಧಪಟ್ಟ ನಿಗಮಗಳಿಂದ ಕೇಳಬಹುದು. ಜಿಗಿತ ಎಲ್ಲ ಕಡೆ ಒಂದೇ ಆಗಿದ್ದರೆ ನನ್ನ ವಾದವನ್ನು ಬಿಡಿ.

ದುಡ್ಡಿನ ಬಗ್ಗೆ ಮನೆಮನೆಗೆ ಹೋಗಿ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಕರಾಗುವಾದಲ್ಲಿ 2008ರ ಸ್ಥಳೀಯ ಚುನಾವಣೆಯ ನಂತರ ನೇರವಾಗಿ ಕೇಳಿದಾಗ ಒಪ್ಪಿಕೊಂಡವರು ನೂರಕ್ಕೆ ಎರಡು–ಮೂರು ಜನ. ಸುತ್ತಿಬಳಸಿ ಕೇಳಿದಾಗ ಸುಮಾರು 24. ಸುತ್ತಿಬಳಸಿ ಕೇಳುವ ದಾರಿ ಹೀಗೆ: ಅರ್ಧ ಜನಕ್ಕೆ ನಾಲ್ಕು ಸಾಲಿನ ಪಟ್ಟಿ (ಪ್ರಚಾರದ ಆಟೊ ಓಣಿಗೆ ಬಂತು, ಅಭ್ಯರ್ಥಿ ಮನೆಗೆ ಬಂದರು, ಟಿ.ವಿ. ಚರ್ಚೆ ನೋಡಿದೆ, ಸಭೆಗೆ ಹೋಗಿದ್ದೆ), ಇನ್ನರ್ಧಕ್ಕೆ ಅದೇ ನಾಲ್ಕರ ಜೊತೆ ‘ಹಣ ಅಥವಾ ಸಾಮಾನು ಕೊಟ್ಟರು’ ಎಂಬ ಐದನೆಯದು. ಯಾವುದು ಎಂದು ಕೇಳಬಾರದು, ಎಷ್ಟು ಎಂದು ಮಾತ್ರ ಕೇಳಬೇಕು. ಮೊದಲ ಗುಂಪಿನ ಸರಾಸರಿ 1.9, ಎರಡನೆಯದರದು 2.2 ಬಂದರೆ ಶೇಕಡಾ 30 ಜನಕ್ಕೆ ಏನೋ ತಲುಪಿದೆ ಎಂದರ್ಥ. ನಾಲ್ಕೂ ಸಾಲು ಎಲ್ಲರಿಗೂ ಅನ್ವಯಿಸುವಂತಿದ್ದರೆ ‘ಐದು’ ಎಂದವರ ಗುಟ್ಟು ಬಯಲಾಗುತ್ತದೆ, ಜನ ಸುಳ್ಳು ಹೇಳುತ್ತಾರೆ; ಒಂದಾದರೂ ಅಪರೂಪದ್ದು ಇರಲಿ. ಯಾರಿಗೆ ಯಾವ ಪಟ್ಟಿ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ಒಂದು ಕೇರಿಗೆ ಒಂದು ಪಟ್ಟಿ ಎಂದು ಹಂಚಬೇಡಿ. ಹೆಸರು, ಮನೆ ನಂಬರ್ ಬರೆದುಕೊಳ್ಳಲೇ ಬೇಡಿ.

ಇದಕ್ಕೆ ತಲೆ ಎಣಿಕೆ ದೊಡ್ಡದು ಬೇಕು. ಗುಂಪಿಗೆ ನೂರು ಜನ ಅಂದರೆ ಉತ್ತರ ಆಚೀಚೆ 28 ಅಂಶದಷ್ಟು ಅಲುಗಾಡುತ್ತದೆ, 30 ಎಂದು ಬಂದದ್ದು 2 ಇರಬಹುದು, 58 ಇರಬಹುದು. ಐನೂರಕ್ಕೆ ಏರಿಸಿದರೆ ಅಲುಗಾಟ 12ಕ್ಕೆ, ಸಾವಿರಕ್ಕೆ ಏರಿಸಿದರೆ 9ರ ಹತ್ತಿರ. ಎಂ.ಎ. ಪ್ರಬಂಧಕ್ಕೆ ಸಾವಿರಾರು ಮನೆ ಸುತ್ತುವ ಸಮಯ, ಜೊತೆಗಾರರು ಇಲ್ಲದಿದ್ದರೆ ಈ ಭಾಗ ಕೈಬಿಟ್ಟು ಫಾರಂ 20ಕ್ಕೇ ನಿಲ್ಲಿ. ಚಳ್ಳಕೆರೆ ಒಂದೇ ಕ್ಷೇತ್ರದ ಹಳ್ಳಿಗಳನ್ನು ಎರಡು ಚುನಾವಣೆಗೆ ಸರಿಯಾಗಿ ಜೋಡಿಸಲು ಒಂದು ತಿಂಗಳಾದರೂ ಹಿಡಿಯುತ್ತದೆ.